ಏಳು ನಿಮಿಷಕ್ಕೊಂದು ಸಾಲು

ಜೂನ್ 3, ಮಧ್ಯಾಹ್ನ 2.20

ಆರಕ್ಕೆ ನೀರು ಸರಬರಾಜು ಆಫೀಸಿನ ರೂಮಿಗೆ ಬಂದೆ. ಪೇಟೆಗೆ ನೀರು ಬಿಟ್ಟಿದ್ದು ಆರೂಕಾಲಿಗೆ. ವಸತಿ ಟ್ಯಾಂಕಿಗೆ ಎಂಟಕ್ಕೆ. ಗುಡ್ಡದ ಟ್ಯಾಂಕು ತುಂಬುವಾಗ ಹನ್ನೆರಡು ದಾಟಿತ್ತು. ಫೋನ್ ಎರಡು ಬಂದವು. ಒಂದು ನೀರು ಬಂದಿಲ್ಲವೆಂದು, ಇನ್ನೊಂದು ನೀರು ನಿಲ್ಲುತ್ತಲೇ ಇಲ್ಲವೆಂದು. ಎರಡೂ ಒಂದೇ ಬೀದಿಯಿಂದ.

ಇವತ್ತಿನಿಂದ ಹೊಸ ಪದ್ಧತಿ. ಕಂಪ್ಯೂಟರಿನ ಒಂದೇ ವಿಂಡೋದಲ್ಲಿ ಮೂರೂ ಟ್ಯಾಂಕಿನ ವಾಲ್ವ್ ತೆರೆಯುವ, ಮುಚ್ಚುವ ಕೆಲಸ ಮಾಡಿದರೆ ತಲೆ ಕಲಸಿಹೋಗುತ್ತದೆ. ಅದಕ್ಕೇ ಟ್ಯಾಂಕಿಗೊಂದರಂತೆ ವಿಂಡೋ ತೆರೆದೆ. ವಾಲ್ವ್‌ಮನ್ ಆಗಿದ್ದಾಗಲೂ ವಾಲ್ವ್ ತಿರುಗಿಸುವ ಕೀಲಿಗಳನ್ನು ಹೀಗೇ ಇಟ್ಟುಕೊಂಡಿದ್ದೆ — ಪೇಟೆಯ ಕೀಲಿ ಪೇಟೆಗೆ, ಗುಡ್ಡದ ಕೀಲಿ ಗುಡ್ಡಕ್ಕೆ. ಮುಗಿದ ಮೇಲೆ ಒಂದೊಂದರಲ್ಲೂ ‘ಎಕ್ಸಿಟ್’ ಎಂದು ಟೈಪ್ ಮಾಡಿ ಮುಚ್ಚಿದೆ. ಪೇಟೆ ಮೊದಲು, ಆಮೇಲೆ ವಸತಿ, ಗುಡ್ಡ ಕೊನೆಗೆ. ಎತ್ತರದ್ದನ್ನು ಕೊನೆಗೆ ಮುಚ್ಚುವುದೇ ಕ್ರಮ.

ಇನ್ನೊಂದು ವಿಂಡೋ ಇದೆ. ಅದನ್ನು ಮುಟ್ಟಲಿಲ್ಲ. ಅದು ಈ ಕೆಲಸದಲ್ಲಿ ನನಗಿಂತ ಮೊದಲಿದ್ದ ಮಗಳು ಗುಬ್ಬಿಯದು. ಫೆಬ್ರವರಿಯಲ್ಲಿ ತಲೆನೋವೆಂದು ಎದ್ದು ಹೋಗುವಾಗ ಓಡಲು ಬಿಟ್ಟು ಹೋದದ್ದು. “ಇದನ್ನ ಮುಚ್ಬೇಡಪ್ಪ, ಓಡ್ತಾ ಇರ್ಲಿ. ನಾಳೆ ಬಂದು ನೋಡ್ತೀನಿ” ಎಂದಿದ್ದಳು. ಜ್ವರ ಮಿದುಳಿಗೆ ಏರಿತು. ಆಸ್ಪತ್ರೆಯಿಂದ ಮತ್ತೆ...

ಅದು ಓಡುತ್ತಲೇ ಇದೆ. ಏಳು ನಿಮಿಷಕ್ಕೊಂದು ಸಾಲು. ಗಂಟೆ, ಒತ್ತಡದ ಅಂಕಿ, ಪಕ್ಕದಲ್ಲಿ ‘ಸರಿ’. ಇಂಗ್ಲಿಷ್ ಅಕ್ಷರ, ಕನ್ನಡ ಮಾತು. ಅವಳು ಎಲ್ಲಾ ಕಮಾಂಡ್‌ಗಳನ್ನೂ ಹಾಗೇ ಮಾಡಿಟ್ಟಿದ್ದಳು — ‘ಬಿಡು’, ‘ಮುಚ್ಚು’, ‘ನೋಡು’. ಅಪ್ಪನಿಗೂ ಅರ್ಥವಾಗಲಿ ಎಂದು.

ಕುರ್ಚಿ ಅವಳ ಎತ್ತರಕ್ಕೇ ಇದೆ. ನನಗಿಂತ ಉದ್ದ ಅವಳು. ನನ್ನ ಕಾಲು ನೆಲಕ್ಕೆ ಸರಿಯಾಗಿ ತಾಗುವುದಿಲ್ಲ. ಕೆಳಗೆ ಇಳಿಸುವ ಹಿಡಿ ಎಲ್ಲಿದೆ ಎಂದು ಗೊತ್ತಿದೆ.

ಅದೇ ದಿನ, ಸಂಜೆ

ಮನೆಗೆ ಬಂದೆ. ಚಪ್ಪಲಿ ಬಿಡುವ ಮೊದಲೇ ಇವಳು, ಗುಬ್ಬಿಯ ಅಮ್ಮ, ಕೇಳಿದಳು, “ಓಡ್ತಿದೆಯಾ?”

“ಓಡ್ತಿದೆ.”

ದಿನವೂ ಇಷ್ಟೇ.

ಜೂನ್ 4, ಬೆಳಿಗ್ಗೆ 6.40

ಏನೋ ಎಡವಟ್ಟು. ನನಗೆ ಗೊತ್ತಿರುವುದು ಒಂದೇ ವಿದ್ಯೆ — ಮೇಲಕ್ಕೆ ಮುಖ ಮಾಡಿದ ಬಾಣದ ಕೀ ಒತ್ತುವುದು. ಒತ್ತಿದರೆ ಹಿಂದೆ ಕೊಟ್ಟ ಕಮಾಂಡ್ ತಾನಾಗಿ ಬರುತ್ತದೆ. ಬೇಕಾದ್ದು ಬಂದಾಗ ಎಂಟರ್. ಟೈಪ್ ಮಾಡಿದರೆ ನನ್ನ ಬೆರಳು ತಪ್ಪುತ್ತದೆ. ಗುಬ್ಬಿ ಅದಕ್ಕೇ ಹೇಳಿಕೊಟ್ಟಿದ್ದಳು. “ಹೊಸದಾಗಿ ಏನೂ ಬರೀಬೇಡ. ನಿನ್ನೆ ಮಾಡಿದ್ದನ್ನೇ ಇವತ್ತೂ ಮಾಡು. ನಿನ್ಗೆ ಅದು ಚೆನ್ನಾಗಿ ಬರುತ್ತಲ್ಲ!”

ಇವತ್ತು ಪೇಟೆಗೆಂದು ವಿಂಡೋ ತೆರೆದು ಬಾಣ ಒತ್ತಿದೆ. ನಿನ್ನೆಯ ಪೇಟೆ ಸಾಲುಗಳು ಇಲ್ಲ. ಗುಡ್ಡದವು ಬಂದವು. ವಸತಿಯ ವಿಂಡೋದಲ್ಲೂ ಗುಡ್ಡ. ಇನ್ನೂ ಮೇಲೆ ಹೋದರೆ ಮೊನ್ನೆಯದು ಸಿಕ್ಕಿತು. ನಿನ್ನೆ ನಾನು ಪೇಟೆಗೂ ವಸತಿಗೂ ನೀರು ಬಿಟ್ಟೇ ಇಲ್ಲವೇನೋ ಎನ್ನುವಂತೆ.

ಬಿಟ್ಟಿದ್ದೇನೆ. ಫೋನ್ ಬಂದಿತ್ತಲ್ಲ.

ಜೂನ್ 5

ಇವತ್ತೂ ಅದೇ. ಗುಡ್ಡ, ಗುಡ್ಡ, ಗುಡ್ಡ.

ಸೈಕಲ್ ಬಂದಿದ್ದ. ಬೀದಿ ಬೀದಿಯ ವಾಲ್ವ್ ತಿರುಗಿಸುವ ನನ್ನ ಹಳೆಯ ರೌಂಡು ಈಗ ಅವನದು. ಬೇಸಿಗೆ ಚಳಿ ಎನ್ನದೆ ಅದೇ ಮುರುಕು ಸೈಕಲ್ಲು, ಅದಕ್ಕೇ ಆ ಹೆಸರು. ಕೀಲಿಗಳನ್ನು ಬಾಗಿಲ ಹಿಂದೆ ಒರಗಿಸಿ ಇಣುಕಿದ.

“ಏನಣ್ಣ, ಕಂಪ್ಯೂಟರ್ ಜೊತೆ ಕುಸ್ತಿನಾ?”

“ನಿನ್ನೆ ಹೇಳಿದ್ದು ಇವತ್ತು ನೆನಪಿಲ್ಲ ಇದಕ್ಕೆ.”

“ಹಾಗಾದ್ರೆ ನಮ್ಮ ಆಫೀಸಿಗೆ ಹೇಳಿ ಮಾಡಿಸಿದ ಹಾಗಿದೆ. ಪ್ರಮೋಷನ್ ಕೊಡಿ.”

ನಗು ಬಂತು. ಬಂದ ಮೇಲೆ ಅದನ್ನು ಎಲ್ಲಿ ಇಡುವುದೆಂದು ತಿಳಿಯಲಿಲ್ಲ.

ಅವನು ರೌಂಡಿಗೆ ಹೊರಟಾಗ ಕಿಟಕಿಯ ಜಾಲರಿಯಿಂದ ನೋಡಿದೆ. ಕೀಲಿಗಳು ಕ್ಯಾರಿಯರ್ ಮೇಲೆ ಗಲಗಲ ಎನ್ನುತ್ತಿದ್ದವು. ಮಾರ್ಚ್‌ನಲ್ಲಿ ಇಂಜಿನಿಯರ್ ಮೇಡಂ ಹೇಳಿದ್ದು, “ಹೊಸಬರು ಬರೋ ತನಕ ಕೂತ್ಕೊಳ್ಳಿ, ನಿಮ್ಮನ್ನ ಬಿಟ್ರೆ ಇಲ್ಲಿ ಯಾರಿಗೂ ಗೊತ್ತಿಲ್ಲ.” ಅಪ್ಪನ ಕೆಲಸ ಮಕ್ಕಳಿಗೆ ಬರುವುದು ನೋಡಿದ್ದೇನೆ. ಹೊಸಬರು ಬಂದಿಲ್ಲ. ರೂಮಿಗೆ ಒಂದೇ ಬಾಗಿಲು. ಫೋನ್ ಬರುತ್ತದೆಂದು ಬಚ್ಚಲಿಗೂ ಓಡಿ ಹೋಗಿ ಓಡಿ ಬರಬೇಕು.

ಜೂನ್ 7, ಮಧ್ಯಾಹ್ನ 3

ಆದದ್ದನ್ನು ಆದಂತೆ ಬರೆಯುತ್ತೇನೆ.

ಪೇಟೆ ಮುಚ್ಚುವ ಹೊತ್ತು. ಒಂದು ಕಡೆ ಫೋನ್ ಬಡಿದುಕೊಳ್ಳುತ್ತಿತ್ತು. ಪೇಟೆಯ ವಿಂಡೋ, ಬಾಣ, ಎಂಟರ್ — ಕೈ ತನ್ನಷ್ಟಕ್ಕೆ ಮಾಡಿತು. ಕಣ್ಣು ನೋಡಲಿಲ್ಲ. ಬಂದಿದ್ದ ಸಾಲು ‘ಮುಚ್ಚು ಪೇಟೆ’ ಅಲ್ಲ. ‘ಬಿಡು ಗುಡ್ಡ’. ಗುಡ್ಡದ ವಾಲ್ವ್ ಆಗಲೇ ತೆರೆದಿತ್ತು. ಇನ್ನೂ ತೆರೆಯತೊಡಗಿತು.

ಗುಡ್ಡಕ್ಕೆ ಏರುವ ಪೈಪು ತಗ್ಗಿನ ಬೀದಿಯ ಅಡಿಯಲ್ಲಿ ಹೋಗುತ್ತದೆ. ನಾನು ಕೆಲಸಕ್ಕೆ ಸೇರುವ ಮೊದಲಿನದು. ಒತ್ತಡ ಹೆಚ್ಚಿದರೆ ತಡೆಯುವುದಿಲ್ಲ. ಮನೆಗಳು ಬೀದಿಗಿಂತ ಕೆಳಗಿವೆ. ಒಡೆದರೆ ನೀರು ಹೊಸ್ತಿಲು ಹತ್ತಬೇಕಿಲ್ಲ, ನೇರ ಒಳಗೆ ಇಳಿಯುತ್ತದೆ.

ನನಗೆ ಗೊತ್ತೇ ಆಗಲಿಲ್ಲ. ಫೋನಿನಲ್ಲಿ ಯಾರಿಗೋ ಸಮಾಧಾನ ಹೇಳುತ್ತಿದ್ದೆ. ಗುಬ್ಬಿಯ ವಿಂಡೋ ಕುಂಯ್ ಎಂದಿತು. ನೋಡಿದೆ. ‘ಸರಿ’ ಇರುವ ಕಡೆ ‘ತಡಿ ತಡಿ’ ಎಂದಿತ್ತು.

ಅದು ನನ್ನ ಮಾತು. ರಸ್ತೆ ದಾಟುವಾಗ, ಗ್ಯಾಸ್ ಹಚ್ಚುವಾಗ, ಎಲ್ಲದಕ್ಕೂ ನಾನು ಹೇಳುತ್ತಿದ್ದದ್ದು. ಗುಬ್ಬಿ ಅಣಕಿಸುತ್ತಿದ್ದಳು.

ಗುಡ್ಡದ ವಾಲ್ವ್ ತಾನಾಗಿ ಅರ್ಧ ಸುತ್ತು ಮುಚ್ಚಿಕೊಂಡಿತು. ಏಳು ನಿಮಿಷ ಬಿಟ್ಟು ಇನ್ನರ್ಧ. ಮತ್ತೆ ಏಳು ನಿಮಿಷ. ಆಮೇಲೆ ‘ಸರಿ’.

ಒಂದು ಜಾಯಿಂಟು ಸೋರಿದೆ, ಅಷ್ಟೇ. ಸೈಕಲ್ ಹೋಗಿ ಬಿಗಿ ಮಾಡಿ ಬಂದ. ಮೇಡಂ ಬಂದರು. ಬೈಯಲಿಲ್ಲ. ಪರದೆಯನ್ನೇ ನೋಡುತ್ತಾ ನಿಂತರು.

“ಇದನ್ನ ಯಾರು ಮಾಡಿದ್ದು?”

ಹೇಳಿದೆ.

“ಇದು ಇಲ್ಲದೇ ಹೋಗಿದ್ರೆ ಇವತ್ತು ತಗ್ಗಿನ ಬೀದಿ...” ಎಂದು ನಿಲ್ಲಿಸಿದರು. ಆಮೇಲೆ, “ಎಷ್ಟು ಒತ್ತಡಕ್ಕೆ ಎಷ್ಟು ಸುತ್ತು, ಆ ಲೆಕ್ಕ ಬೇಕಲ್ಲ ನಮಗೆ. ಎಲ್ಲಿದೆ?”

ಎಲ್ಲಿದೆ? ಆ ವಿಂಡೋದ ಒಳಗಿದೆ. ಅವಳ ತಲೆಯಲ್ಲಿತ್ತು. ನನಗೇನು ಗೊತ್ತು.

ಜೂನ್ 8

ನಾನು ಮುಚ್ಚಿ ಹೋದ ಮೇಲೆ ಯಾರೋ ಕೂತು ಪೇಟೆ, ವಸತಿಯ ಸಾಲುಗಳನ್ನು ಅಳಿಸುತ್ತಿದ್ದಾರೆ. ಇನ್ನೇನು ಇರಲು ಸಾಧ್ಯ. ಬಾಗಿಲ ಬೀಗದ ಇನ್ನೊಂದು ಕೀ ಇರುವುದು ಸೈಕಲ್ ಹತ್ತಿರ.

ಕೇಳಿದೆ. ಕೇಳಬಾರದ ರೀತಿಯಲ್ಲಿ ಕೇಳಿದೆ.

ಅವನು ಟೀ ಲೋಟ ಕೆಳಗಿಟ್ಟ. “ನನ್ನ ಕಣ್ಣು ನೋಡಿ ಹೇಳಿ ಅಣ್ಣ. ಆ ಕುರ್ಚಿನ ನಾನು ಮುಟ್ತೀನಾ? ಧೂಳು ಒರೆಸೋಕೂ ಹೋಗಿಲ್ಲ ನಾನು, ಫೆಬ್ರವರಿಯಿಂದ.”

ಹೊರಟುಹೋದ. ಟೀ ಅರ್ಧ ಹಾಗೇ ಇತ್ತು.

ಜೂನ್ 12, ಮಧ್ಯಾಹ್ನ 2.45

ಮೇಡಂ ರಿಪೇರಿಯವನನ್ನು ಕಳಿಸಿದ್ದರು. ನನಗಿಂತ ಹತ್ತು ವರ್ಷ ಚಿಕ್ಕವನಿರಬಹುದು. ನೆಗಡಿ. ಮೂಗು ಒರೆಸಿಕೊಳ್ಳುತ್ತಲೇ ಇದ್ದ, ಆ ಕೈಯಲ್ಲೇ ಕೀಬೋರ್ಡು. ಕುರ್ಚಿಯಲ್ಲಿ ಕೂರುತ್ತೇನೆಂದ. ಬೇಡ, ನಿಂತೇ ನೋಡಿ ಎಂದೆ. ವಿಚಿತ್ರವಾಗಿ ನೋಡಿದ. ಸ್ಟೂಲ್ ಕೊಟ್ಟೆ.

“ಬೆಳಿಗ್ಗೆಯಿಂದ ಏನೇನ್ ಮಾಡ್ತೀರಾ, ಒಂದೂ ಬಿಡದೆ ಹೇಳಿ.”

ಹೇಳಿದೆ. ಮೂರು ವಿಂಡೋ. ಮುಗಿದ ಮೇಲೆ ಎಕ್ಸಿಟ್.

“ಕೊನೆಗೆ ಮುಚ್ಚೋದು ಯಾವುದು?”

“ಗುಡ್ಡದ್ದು.”

“ದಿನಾ?”

“ದಿನಾ. ಅದೇ ಕ್ರಮ.”

ನಕ್ಕ, ಸೀನಿದ. “ಯಜಮಾನ್ರೆ, ಕಳ್ಳ ಯಾರೂ ಇಲ್ಲ. ನಿಮ್ಮ ಕ್ರಮಾನೇ ಕಳ್ಳ.”

ಅವನು ಹೇಳಿದ್ದು ನನಗೆ ಅರ್ಥವಾದಷ್ಟು ಬರೆಯುತ್ತೇನೆ. ವಿಂಡೋ ತೆರೆದಾಗ ಹಳೆಯ ಸಾಲುಗಳನ್ನು ಒಂದು ಫೈಲಿನಿಂದ ಓದಿಕೊಳ್ಳುತ್ತದೆ. ಅದಕ್ಕೆ ಹಿಸ್ಟರಿ ಎನ್ನುತ್ತಾರೆ. ಆಮೇಲೆ ನಾವು ಟೈಪ್ ಮಾಡಿದ್ದನ್ನೆಲ್ಲ ತನ್ನ ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತದೆ, ಪಕ್ಕದ ವಿಂಡೋಗೆ ಹೇಳುವುದಿಲ್ಲ. ಮುಚ್ಚುವಾಗ ಮಾತ್ರ ಫೈಲಿಗೆ ಬರೆಯುತ್ತದೆ. ಹೇಗೆ ಬರೆಯುತ್ತದೆಂದರೆ, ಅಲ್ಲಿದ್ದದ್ದನ್ನು ಅಳಿಸಿ ತನ್ನದನ್ನು ಇಡುತ್ತದೆ. ಪೇಟೆ ಬರೆದದ್ದನ್ನು ವಸತಿ ಅಳಿಸುತ್ತದೆ. ವಸತಿ ಬರೆದದ್ದನ್ನು ಗುಡ್ಡ. ಕೊನೆಗೆ ಬಂದವನದ್ದೇ ಮಾತು.

“ಕಂಪ್ಯೂಟರ್‌ಗೆ ಮರೆವಿಲ್ಲ ಅಂತಾರಲ್ಲ?”

“ಯಾರ್ ಹೇಳಿದ್ದು? ನೆನಪಿಟ್ಕೋ ಅಂತ ಹೇಳಿದ್ರಷ್ಟೇ ನೆನಪಿಟ್ಕೊಳ್ಳುತ್ತೆ.”

ಸೆಟ್ಟಿಂಗ್ ಫೈಲಿನಲ್ಲಿ ಎರಡು ಸಾಲು ಸೇರಿಸಿದ. ಒಂದು, ಅಳಿಸಬೇಡ, ಕೊನೆಗೆ ಸೇರಿಸು ಎನ್ನಲು. ಇನ್ನೊಂದು, ಮುಚ್ಚುವ ತನಕ ಕಾಯಬೇಡ, ಎಂಟರ್ ಒತ್ತಿದಾಗಲೇ ಬರೆ ಎನ್ನಲು. ಒಂದು ವಿಂಡೋದಲ್ಲಿ ‘ನೋಡು ಪೇಟೆ’ ಎಂದ, ಮುಚ್ಚಲಿಲ್ಲ. ಇನ್ನೊಂದು ತೆರೆದು ಬಾಣ ಒತ್ತಿದ. ಬಂತು. ಗುಡ್ಡವನ್ನು ಮುಚ್ಚಿ ಮತ್ತೆ ನೋಡಿದ. ಪೇಟೆ ಅಲ್ಲೇ ಇತ್ತು.

“ಆಯ್ತಲ್ಲ?”

“ಹಳೇದೆಲ್ಲ ಇದೆಯಾ? ನನ್ನ ಮಗಳು ಬರೆದದ್ದು?”

ಫೈಲು ತೆರೆದು ಮೇಲಿನ ತುದಿಗೆ ಹೋದ. ಮೊದಲ ಸಾಲೇ ನನ್ನದು. ಎರಡೆರಡು ಸಲ ತಪ್ಪು ಟೈಪ್ ಮಾಡಿದ್ದು.

“ಐನೂರು ಸಾಲು ಮಾತ್ರ ಹಿಡಿಯುತ್ತೆ ಯಜಮಾನ್ರೆ. ಹೊಸದು ಬಂದ ಹಾಗೆ ಹಳೇದು ಆ ಕಡೆಯಿಂದ ಬಿದ್ದು ಹೋಗುತ್ತೆ.”

ಮಾರ್ಚ್‌ನಿಂದ ದಿನವೂ ಒತ್ತಿದ್ದೇನೆ. ನನ್ನ ಒಂದು ಸಾಲಿಗೆ ಅವಳದೊಂದು. ನೀರು ಬಿಟ್ಟಾಗ ಒಂದು, ಮುಚ್ಚಿದಾಗ ಒಂದು. ಅವಳು ಹೇಳಿಕೊಟ್ಟದ್ದನ್ನೇ ಮಾಡಿದೆ. ಮಾಡುತ್ತಾ ಮಾಡುತ್ತಾ...

ಆಮೇಲೆ ಅವನು ನಾಲ್ಕನೆಯ ವಿಂಡೋ ನೋಡಿದ. ಮೂಗು ಒರೆಸುವುದನ್ನು ನಿಲ್ಲಿಸಿದ.

“ಇದು ಯಾವಾಗ್ ತೆರೆದಿದ್ದು?”

“ಫೆಬ್ರವರಿ.”

“ಮುಚ್ಚಿಲ್ವಾ ಇಲ್ಲಿತನಕ? ಹಾಗಾದ್ರೆ ಅವರ ಸಾಲುಗಳೆಲ್ಲ ಇದರ ಒಳಗಡೆ ಇವೆ. ಫೈಲಿನಲ್ಲಿಲ್ಲ, ಇದರ ನೆನಪಿನಲ್ಲಿ. ಈಗ ಓಡ್ತಿರೋದನ್ನ ನಿಲ್ಸಿ ಬಾಣ ಒತ್ತಿದ್ರೆ ಮೊದಲು ಬರೋದೇ ಈ ಓಡ್ತಿರೋ ಸಾಲು, ಲೆಕ್ಕ ಸಮೇತ. ಕಂಟ್ರೋಲ್ ಹಿಡಿದು ಸಿ ಒತ್ತಿ. ಅಷ್ಟೇ. ಒತ್ಲಾ?”

“ಬೇಡ.”

“ಸ್ಕ್ರಿಪ್ಟ್ ಅಂತ ಬೇರೆ ಫೈಲ್ ಮಾಡಿ ಎಲ್ಲೂ ಉಳಿಸಿಲ್ಲ ಅವರು. ಇಲ್ಲೇ ನೇರವಾಗಿ ಬರೆದಿದಾರೆ. ಕರೆಂಟ್ ಹೋದ್ರೆ ಎಲ್ಲಾ ಹೋಯ್ತು, ನೋಡಿ.”

“ಬೇಡ ಅಂದೆನಲ್ಲ.”

ಅವನು ಕೈ ತೆಗೆದ. ಅಷ್ಟರಲ್ಲಿ ಒಂದು ‘ಸರಿ’ ಬಂತು. ಇಬ್ಬರೂ ನೋಡಿದೆವು. “ಏಳು ನಿಮಿಷ ಯಾಕಿಟ್ರೋ. ಎಲ್ರೂ ಐದೋ ಹತ್ತೋ ಇಡ್ತಾರೆ” ಎಂದು ತನಗೆ ತಾನೇ ಹೇಳಿಕೊಂಡ. ಸಾಲುಗಳನ್ನು ಬೇರೆ ಫೈಲಿಗೆ ಉಳಿಸುವುದು ಹೇಗೆಂದು ಚೀಟಿಯಲ್ಲಿ ಬರೆದು ಕೊಟ್ಟು ಹೋದ.

ಜೂನ್ 13

ಸೈಕಲ್ ಹತ್ತಿರ ಹೋಗಿ ಹೇಳಿದೆ. ಕಳ್ಳ ನಾನೇ ಅಂತೆ.

“ಗೊತ್ತಿತ್ತು ಬಿಡಿ. ಮುಖ ನೋಡಿದ್ರೇ ಗೊತ್ತಾಗುತ್ತೆ” ಎಂದ. ಟೀ ತರಿಸಿದ. ಈ ಸಲ ಪೂರ್ತಿ ಕುಡಿದ.

ಜೂನ್ 14, ಬೆಳಿಗ್ಗೆ 11

ಮೇಡಂ ಕರೆಸಿದರು. ಇಪ್ಪತ್ತೇಳನೇ ತಾರೀಕು ಸಬ್‌ಸ್ಟೇಷನ್‌ನಲ್ಲಿ ಟ್ರಾನ್ಸ್‌ಫಾರ್ಮರ್ ಬದಲಿಸುತ್ತಾರಂತೆ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಕರೆಂಟ್ ಇಲ್ಲ. ನಮ್ಮ ಯುಪಿಎಸ್ ಅರ್ಧ ಗಂಟೆ ಎಳೆದರೆ ಹೆಚ್ಚು. ಇಲ್ಲಿಯವರೆಗೆ ಕರೆಂಟ್ ಹೋದರೂ ಅಷ್ಟರೊಳಗೆ ಬರುತ್ತಿತ್ತು.

“ಅಷ್ಟರೊಳಗೆ ಆ ಲೆಕ್ಕ ತೆಗೆದಿಟ್ಬಿಡಿ. ರಿಪೇರಿಯವರು ಹೇಳಿದ್ರು, ಎರಡು ನಿಮಿಷದ ಕೆಲಸವಂತೆ.”

“ಜನರೇಟರ್ ತರಿಸೋಕಾಗಲ್ವಾ ಮೇಡಂ?”

“ಪಂಪೇ ಓಡಲ್ಲ ಅವತ್ತು. ಒಂದು ಕಂಪ್ಯೂಟರ್‌ಗೆ ಜನರೇಟರ್ ಅಂತ ಹೇಗೆ ಕೇಳ್ಲಿ ಮೇಲಿನವರನ್ನ? ಯಾಕೆ ಬೇಕು ಹೇಳಿ, ಬರೀತೀನಿ.”

ಅವರು ಪೆನ್ ಹಿಡಿದು ಕಾದರು. ನಿಜವಾಗಿಯೂ ಬರೆಯುವವರೇ. ಏನೆಂದು ಹೇಳುವುದು? ಅಲ್ಲಿ ನನ್ನ ಮಗಳು ಇನ್ನೂ ಕೆಲಸ ಮಾಡುತ್ತಿದ್ದಾಳೆ, ನಿಲ್ಲಿಸಲು ಮನಸ್ಸಿಲ್ಲ ಎಂದೇ?

“ಏನಿಲ್ಲ ಮೇಡಂ” ಎಂದು ಎದ್ದು ಬಂದೆ.

ಜೂನ್ 15

ಸೈಕಲ್‌ಗೆ ಹೇಳಿದೆ. ಅವನಿಗೊಬ್ಬನಿಗೆ.

ಬಹಳ ಹೊತ್ತು ಗಡ್ಡ ಕೆರೆದುಕೊಂಡ. “ನನ್ನ ಸೈಕಲ್‌ಗೆ ಡೈನಮೋ ಇದೆ ಅಣ್ಣ. ಸ್ಟ್ಯಾಂಡ್ ಹಾಕಿ ಒಂಬತ್ತರಿಂದ ಐದರ ತನಕ ತುಳೀಲಾ?”

“ತುಳಿದ್ರೆ ಆಗುತ್ತಾ?”

“ಒಂದು ಬಲ್ಬ್ ನೆಟ್ಟಗೆ ಉರಿಯಲ್ಲ ಅದರಲ್ಲಿ.” ಆಮೇಲೆ ನಗು ಬಿಟ್ಟು ಹೇಳಿದ, “ಆಗಿದ್ರೆ ತುಳೀತಿದ್ದೆ.”

ಗೊತ್ತು.

ಜೂನ್ 20

ನಾಲ್ಕು ದಿನ ಏನೂ ಬರೆದಿಲ್ಲ. ಬರೆಯಲು ಏನಿದೆ. ಬಾಣ, ಎಂಟರ್. ಬಾಣ, ಎಂಟರ್. ಈಗ ಎಲ್ಲಾ ಸರಿಯಾಗಿ ಬರುತ್ತದೆ. ನಿನ್ನೆಯ ಪೇಟೆಯೂ ಇದೆ, ವಸತಿಯೂ ಇದೆ. ತಪ್ಪಾಗಲು ದಾರಿಯೇ ಇಲ್ಲದಂತೆ ಆಗಿದೆ.

ಮೇಡಂ ಇನ್ನೊಂದು ಮಾತು ಹೇಳಿದರು. ಹೊಸಬರನ್ನು ಕೊಡುವುದಿಲ್ಲವಂತೆ. “ನೀವೇ ಚೆನ್ನಾಗಿ ನೋಡ್ಕೊಳ್ತಿದ್ದೀರಲ್ಲ.” ಹೊಗಳಿದ್ದು. ತಲೆಯಾಡಿಸಿದೆ.

ರೌಂಡಿಗೆ ಹೋಗಬೇಕೆನಿಸುತ್ತದೆ. ಕೀಲಿ ಕೂರಿಸಿ ಅರ್ಧ ಸುತ್ತು ತಿರುಗಿಸಿದರೆ ಕೈಗೇ ಗೊತ್ತಾಗುತ್ತದೆ, ಕೆಳಗೆ ನೀರು ಹೊರಟಿತೆಂದು. ಅರ್ಧ ಸುತ್ತಿಗಿಂತ ಹೆಚ್ಚು ತಿರುಗಿಸಬಾರದು. ತಿರುಗಿಸಿ ಅಲ್ಲೇ ನಿಲ್ಲಲೂಬಾರದು. ಬೀದಿಯ ಮೂಲೆಯ ನಲ್ಲಿಗೆ ನಡೆದು ಹೋಗಿ ಪೈಪಿಗೆ ಕಿವಿ ಇಡಬೇಕು. ಗುಡುಗುಡು ನಿಂತು ಒಂದೇ ಸಮ ಸದ್ದು ಬಂದ ಮೇಲೆ ಹಿಂದೆ ಬಂದು ಇನ್ನರ್ಧ. ನನಗೆ ಕೆಲಸ ಕಲಿಸಿದವನು ಹೀಗೆ ಹೇಳಿಕೊಟ್ಟದ್ದು. ನನ್ನ ಕೈಯಲ್ಲಿ ಒಂದು ಪೈಪೂ ಒಡೆದಿಲ್ಲ.

ಗುಬ್ಬಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ರಜಾ ದಿನ ನನ್ನ ಹಿಂದೆಯೇ ರೌಂಡಿಗೆ ಬಂದಿದ್ದಳು. ಯಾಕೆ ಎಂದರೆ ಸುಮ್ಮನೆ ಎಂದಳು. ದಾರಿಯುದ್ದಕ್ಕೂ ಫೋನು ನೋಡುತ್ತಾ ನಡೆದಳು. “ಮುಂದೆ ನೋಡು, ಮ್ಯಾನ್‌ಹೋಲ್‌ಗೆ ಬೀಳ್ತೀಯ” ಎಂದೆ. “ನೀನ್ ನಡಿಯಪ್ಪ, ನಿಲ್ಬೇಡ, ಯಾವಾಗ್ಲೂ ನಡಿಯೋ ಹಾಗೇ ನಡಿ” ಎಂದಳು.

ಇವಳು ಇವತ್ತೂ ಕೇಳಿದಳು, ಓಡ್ತಿದೆಯಾ ಎಂದು. ಓಡ್ತಿದೆ ಎಂದೆ. ಇಪ್ಪತ್ತೇಳರ ವಿಷಯ ಹೇಳಲಾಗಲಿಲ್ಲ.

ಜೂನ್ 23, ಮಧ್ಯಾಹ್ನ 2.30

ಗುಡ್ಡ ಮುಚ್ಚಿತ್ತು, ಫೋನ್ ಇರಲಿಲ್ಲ, ಯಾರೂ ಇರಲಿಲ್ಲ. ಒತ್ತಿಬಿಡೋಣ ಎಂದು ಕೂತೆ. ಎಡಗೈ ಕಂಟ್ರೋಲ್ ಮೇಲೆ ಇಟ್ಟೆ. ಸಿ ಮೇಲೆ ಬೆರಳು ಇಟ್ಟೆ.

‘ಸರಿ’ ಬಂತು. ಇನ್ನೊಂದು ನೋಡಿ ಒತ್ತೋಣವೆಂದುಕೊಂಡೆ. ಅದೂ ಬಂತು.

ಶಿಫ್ಟ್ ಮುಗಿಯಿತು.

ಜೂನ್ 24

ಮೇಡಂ ಫೋನ್. “ಆಯ್ತಾ?” “ನಾಳೆ ಮೇಡಂ.”

ಜೂನ್ 25, ರಾತ್ರಿ 8

ಮೇಡಂ ಸ್ವತಃ ಬಂದಿದ್ದರು. ಅವರಿಗೂ ಗೊತ್ತಾಗಿದೆ ಎನಿಸಿತು. ಸ್ಟೂಲಿನಲ್ಲಿ ಕೂತರು, ಕುರ್ಚಿಯಲ್ಲಿ ಅಲ್ಲ. ಮೆಲ್ಲಗೆ ಹೇಳಿದರು, “ನೀವು ತೆಗೀದೇ ಇದ್ರೆ ನಾಳೆ ಸಂಜೆ ರಿಪೇರಿಯವರ ಕೈಲಿ ತೆಗೆಸ್ತೀನಿ. ತಗ್ಗಿನ ಬೀದಿಯೋರ ಮನೇಲೂ ಮಕ್ಕಳಿದಾರೆ.”

ಸರಿಯಾದ ಮಾತು. ಎಲ್ಲರೂ ಸರಿಯಾದ ಮಾತನ್ನೇ ಆಡುತ್ತಿದ್ದಾರೆ. ತಪ್ಪು ಮಾತಾಡುವವರು ಒಬ್ಬರಾದರೂ ಇದ್ದಿದ್ದರೆ ಜಗಳವಾಡಬಹುದಿತ್ತು.

ಮನೆಗೆ ಬಂದೆ. “ಓಡ್ತಿದೆಯಾ?”

ಚಪ್ಪಲಿ ಬಿಟ್ಟೆ. ಗೋಡೆಗೆ ಒರಗಿ ಕೂತೆ. ಎಲ್ಲಾ ಹೇಳಿದೆ — ಟ್ರಾನ್ಸ್‌ಫಾರ್ಮರ್, ಯುಪಿಎಸ್, ನಿಲ್ಲಿಸಿದರೆ ಸಾಲು ಸಿಗುತ್ತದೆ, ನಿಲ್ಲಿಸದಿದ್ದರೆ ಎಲ್ಲವೂ ಹೋಗುತ್ತದೆ, ಎರಡರಲ್ಲೂ ಅದು ನಿಲ್ಲುವುದಂತೂ ನಿಲ್ಲುತ್ತದೆ.

ಇವಳು ಪಾತ್ರೆ ತೊಳೆದಳು. ತೊಳೆದದ್ದನ್ನೇ ಇನ್ನೊಮ್ಮೆ ತೊಳೆದಳು. ಅಲ್ಲಿಂದಲೇ ಹೇಳಿದಳು, “ನಾಳೆ ನಾನೂ ಬರ್ತೀನಿ.”

ಜೂನ್ 26, ಸಂಜೆ 7.40

ಮಧ್ಯಾಹ್ನ ಎರಡೂವರೆಗೆ ಬಂದಳು. ಅಷ್ಟು ವರ್ಷ ನಾನೂ ಗುಬ್ಬಿಯೂ ಅಲ್ಲೇ ದುಡಿದರೂ ಇವಳು ಆ ರೂಮಿಗೆ ಕಾಲಿಟ್ಟವಳಲ್ಲ. ಬಾಗಿಲಲ್ಲೇ ನಿಂತು ಎಲ್ಲಾ ಕಡೆ ನೋಡಿದಳು. ಜಾಲರಿ, ಫೋನು, ಗೋಡೆಯ ಮೇಲಿನ ಪೈಪುಗಳ ನಕ್ಷೆ. ಆಮೇಲೆ ನನ್ನನ್ನು.

“ಇದೇನ್ರೀ, ಕಾಲು ತೂಗಾಡಿಸ್ಕೊಂಡು ಕೂತಿದ್ದೀರಾ, ಮಕ್ಕಳ ಹಾಗೆ.”

“ಅವಳ ಅಳತೆ ಇದು.”

ಸ್ಟೂಲ್ ಎಳೆದು ಪಕ್ಕದಲ್ಲಿ ಕೂತಳು. ಯಾವುದು ಎಂದು ಕೇಳಲಿಲ್ಲ. ಬಲಗಡೆ ಕೆಳಗಿನದನ್ನೇ ನೋಡಿದಳು. ನಾವು ಕಾದೆವು. ಒಂದು ಸಾಲು ಬಂತು. ಬೆರಳಿಟ್ಟು ಓದಿದಳು, “ಸ-ರಿ.”

“ಹೂಂ.”

“ಇಷ್ಟೇನಾ?”

“ಇಷ್ಟೇ.”

“ಫೆಬ್ರವರಿಯಿಂದ ಹೀಗೇನಾ? ಹಗಲೂ ರಾತ್ರಿ?”

“ಒಂದು ಸಲಾನೂ ನಿಂತಿಲ್ಲ.”

ಇನ್ನೊಂದು ಬಂತು. ಆಮೇಲೆ ಮತ್ತೊಂದು. ಇವಳು ಸೆರಗಿನ ತುದಿಯಿಂದ ಪರದೆಯ ಧೂಳು ಒರೆಸಿದಳು, ಆ ಮೂಲೆಯಷ್ಟನ್ನೇ.

“ಸಾಕು. ಅವಳಿಗೂ ಸುಸ್ತಾಗಿರುತ್ತೆ. ನಿಲ್ಸಿ.”

ನಿಲ್ಲಿಸಿದೆ.

ಏನೂ ಆಗಲಿಲ್ಲ. ಹೊಸ ಸಾಲಿನಲ್ಲಿ ಒಂದು ಚಿಕ್ಕ ಗೆರೆ ಮಿಟುಕುತ್ತಾ ನಿಂತಿತು, ಏನು ಹೇಳ್ತೀಯ ಎನ್ನುವಂತೆ. ಬಾಣ ಒತ್ತಿದೆ. ಬಂತು. ಎರಡು ಸಾಲು ಮೀರಿ ಮೂರನೆಯದಕ್ಕೆ ಇಳಿಯುವಷ್ಟು ಉದ್ದ. ಒತ್ತಡದ ಅಂಕಿ, ಅರ್ಧ ಸುತ್ತು, ‘ತಡಿ ತಡಿ’, ‘ಸರಿ’, ಕಾಯುವ ಹೊತ್ತು ಸೆಕೆಂಡಿನಲ್ಲಿ — ನಾನೂರಿಪ್ಪತ್ತು. ಎಲ್ಲಾ ಇತ್ತು.

ಮತ್ತೆ ಬಾಣ. ಅದೇ ಸಾಲು, ಕಾಯುವ ಹೊತ್ತು ಮಾತ್ರ ಬೇರೆ. ಮುನ್ನೂರು. ಅದರ ಹಿಂದೆ ಆರುನೂರು. ಅದರ ಹಿಂದೆ ನೂರಿಪ್ಪತ್ತು. ನಡುನಡುವೆ ‘ನೋಡು ಗುಡ್ಡ’, ‘ನೋಡು ಗುಡ್ಡ’, ‘ನೋಡು ಗುಡ್ಡ’. ಬೇಗ ಬೇಗ ತಿರುಗಿಸಿ ನೋಡಿದ್ದಾಳೆ, ಆಗಿಲ್ಲ. ತಡವಾಗಿ ತಿರುಗಿಸಿ ನೋಡಿದ್ದಾಳೆ, ಆಗಿಲ್ಲ. ಅವತ್ತು ತಲೆನೋವಿತ್ತು ಅವಳಿಗೆ.

ಮತ್ತೆ ಕೆಳಗೆ ಬಂದೆ, ಕೊನೆಯ ಸಾಲಿಗೆ. ತುದಿಯಲ್ಲಿ ಒಂದು ಗುರುತು ಹಾಕಿ ಇನ್ನೇನೋ ಬರೆದಿದ್ದಳು. ಆ ಗುರುತಿನ ಮುಂದಿನದನ್ನು ಕಂಪ್ಯೂಟರ್ ಓದುವುದಿಲ್ಲ, ಅದು ಮನುಷ್ಯರಿಗೆ ಎಂದು ರಿಪೇರಿಯವನು ತನ್ನ ಎರಡು ಸಾಲು ಬರೆಯುವಾಗ ಹೇಳಿದ್ದ. ಕನ್ನಡಕ ಸರಿ ಮಾಡಿಕೊಂಡು ಅಕ್ಷರ ಅಕ್ಷರ ಕೂಡಿಸಿ ಓದಿದೆ.

‘ಅಪ್ಪ ಮೂಲೆ ನಲ್ಲಿಗೆ ಹೋಗಿ ಕಿವಿ ಇಟ್ಟು ಬರುವಷ್ಟು’.

ಇವಳು ಕೇಳಿದಳು, “ಏನಂತೆ?”

ಓದಿ ಹೇಳಿದೆ.

ಇವಳು ಆ ಸಾಲಿನ ಮೇಲೆ ಬೆರಳಿಟ್ಟು, “ಅವತ್ತು ನಿಮ್ಮ ಹಿಂದೆ ಬಂದಿದ್ಲಲ್ಲ, ಫೋನ್ ಹಿಡ್ಕೊಂಡು” ಎಂದಳು.

“ಹೂಂ.”

“ಟೈಮ್ ನೋಡ್ತಿದ್ಲು.”

“ಹೂಂ.”

ಚೀಟಿ ತೆಗೆದು ಅದರಲ್ಲಿದ್ದಂತೆ ಟೈಪ್ ಮಾಡಿದೆ. ಬೆರಳು ತಪ್ಪಿತು, ಮತ್ತೆ ಮಾಡಿದೆ. ಎಲ್ಲಾ ಸಾಲುಗಳೂ ಬೇರೆ ಫೈಲಿಗೆ ಹೋದವು. ತೆರೆದು ನೋಡಿದೆ, ಇವೆ. ಮೇಡಂಗೆ ಫೋನ್ ಮಾಡಿ ಲೆಕ್ಕ ಸಿಕ್ಕಿತೆಂದೆ. “ಒಳ್ಳೇದಾಯ್ತು. ಇನ್ಮೇಲೆ ಯಾರು ಬೇಕಾದ್ರೂ ಶುರು ಮಾಡಬಹುದಲ್ಲ” ಎಂದರು. ಮಾಡಬಹುದು ಎಂದೆ. ಹಾಗಾದರೆ ನನ್ನನ್ನು ರೌಂಡಿಗೆ ಕಳಿಸಿ ಎಂದು ಕೇಳಬಹುದಿತ್ತು. ಬಾಯಿಗೆ ಬಂದಿತ್ತು. ಇವಳು ಪಕ್ಕದಲ್ಲೇ ಇದ್ದಳು, ಗುಬ್ಬಿಯ ಕುರ್ಚಿ ಬಿಡುತ್ತೇನೆಂದು ಹೇಗೆ ಹೇಳುವುದು.

ನಾಳೆ ಬೆಳಿಗ್ಗೆ ಕರೆಂಟ್ ಹೋಗುವವರೆಗೂ ಗುಡ್ಡಕ್ಕೆ ಕಾವಲು ಬೇಕು. ಬಾಣ ಒತ್ತಿದೆ. ಅವಳ ಸಾಲು ಬಂತು. ಎಂಟರ್ ನಾನು ಒತ್ತಿದೆ. ಏಳು ನಿಮಿಷ ಇಬ್ಬರೂ ಕೂತೆವು. ಸರಿ ಬಂತು. ಮೊದಲಿನಂತೆಯೇ ಇತ್ತು. ಮೊದಲಿನದಲ್ಲ.

ಮನೆಗೆ ನಡೆದೇ ಬಂದೆವು. ಮೂಲೆಯ ನಲ್ಲಿಯ ಹತ್ತಿರ ಇವಳು ನಿಂತಳು. ಕಿವಿ ಇಡುವುದು ಎಲ್ಲಿ ಎಂದು ಕೇಳಿದಳು. ತೋರಿಸಿದೆ. ಕಿವಿ ಇಟ್ಟು ಆಲಿಸಿದಳು.

ಇವತ್ತು ಓಡ್ತಿದೆಯಾ ಎನ್ನುವ ಪ್ರಶ್ನೆ ಇರಲಿಲ್ಲ. ಊಟಕ್ಕೆ ಕೂತಾಗ ನಾನೇ ಹೇಳಿದೆ, ಓಡ್ತಿದೆ ಎಂದು. ಇವಳು ತಲೆಯಾಡಿಸಿದಳು.

ನಾಳೆ ಒಂಬತ್ತಕ್ಕೆ ಕರೆಂಟ್ ತೆಗೆಯುತ್ತಾರೆ.